ನಿವ್ವಳ ಶೂನ್ಯದತ್ತ ನಮ್ಮ ಮೂರು ಜಿಲ್ಲೆಗಳು: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಕ್ಕೆ ಇಂಧನ ಸನ್ನಿವೇಶ ಕಟ್ಟುವುದು ಹೇಗೆ?

ನಿವೃತ್ತ ವಿದ್ಯುತ್ ಎಂಜಿನಿಯರ್, ತುಮಕೂರು

ಎಲ್ಲರಿಗೂ ನಮಸ್ಕಾರ. 2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಭಾರತವು 2070ರ ವೇಳೆಗೆ ನಿವ್ವಳ ಶೂನ್ಯ ತಲುಪುವುದಾಗಿ ಘೋಷಿಸಿತು. ನಾವು ವಾತಾವರಣಕ್ಕೆ ಬಿಡುವ ಹಸಿರುಮನೆ ಅನಿಲಗಳೂ, ಕಾಡು ಮತ್ತು ಮಣ್ಣಿನಂಥವು ಹೀರಿಕೊಳ್ಳುವ ಪ್ರಮಾಣವೂ ಅಷ್ಟರೊಳಗೆ ಸರಿದೂಗಬೇಕು. 2023ರ ನವೆಂಬರ್‌ನಲ್ಲಿ ಬೆಂಗಳೂರು ಮಹಾನಗರವು 2050ಕ್ಕೇ ಆ ಗುರಿ ಮುಟ್ಟುವ ಕ್ರಿಯಾಯೋಜನೆಯನ್ನು ಹೊರತಂದಿತು. ದೇಶಕ್ಕೆ ಒಂದು ಗುರಿಯಿದೆ, ಪಕ್ಕದ ಮಹಾನಗರಕ್ಕೆ ಒಂದು ಗುರಿಯಿದೆ. ನಡುವೆ ಇರುವ ನಮ್ಮ ಜಿಲ್ಲೆಗಳು ಮಾತ್ರ ಆ ಲೆಕ್ಕಗಳಿಗೆ ಭೂಮಿ ಮತ್ತು ಬಿಸಿಲು ಒದಗಿಸುವ, ನಗರದ ಕೊಳಚೆ ನೀರನ್ನು ಸಂಸ್ಕರಿಸಿದ ಮೇಲೆ ಪಡೆಯುವ ಜಾಗಗಳಾಗಿ ಕಾಣುತ್ತಿವೆ. ನಮ್ಮ ಇಂಧನ ಸನ್ನಿವೇಶಗಳನ್ನು ನಾವೇ ಕಟ್ಟಿಕೊಳ್ಳಬೇಕೆಂಬ ಉದ್ದೇಶದಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಕಳೆದ ಹತ್ತು ವರ್ಷಗಳ ಬೇಡಿಕೆಯ ಗೆರೆಯನ್ನೇ ಮುಂದಕ್ಕೆ ಎಳೆದು, ಇಷ್ಟು ಮೆಗಾವ್ಯಾಟ್ ಬೇಕಾಗುತ್ತದೆ ಎಂದು ಹೇಳುವುದು ಮುನ್ನಂದಾಜು. ಸನ್ನಿವೇಶ ಕಟ್ಟುವಾಗ ಕೇಳಿಕೊಳ್ಳುವ ಪ್ರಶ್ನೆ ಬೇರೆ: ಜನರಿಗೆ ಯಾವ ಸೇವೆ ಬೇಕು, ಅದನ್ನು ಯಾವ ಯಾವ ದಾರಿಗಳಲ್ಲಿ ಒದಗಿಸಬಹುದು, ಪ್ರತಿ ದಾರಿಯಲ್ಲಿ ಹೋದರೆ ಇಂಧನ, ಹಣ, ನೀರು ಮತ್ತು ಹೊರಸೂಸುವಿಕೆ ಎಷ್ಟೆಷ್ಟಾಗುತ್ತವೆ? ಗುರಿಯ ವರ್ಷವನ್ನು ಮೊದಲು ನಿಗದಿ ಮಾಡಿ, ಅಲ್ಲಿಂದ ಹಿಂದಕ್ಕೆ ಬರುತ್ತಾ ಇಂದು ಏನು ಮಾಡಬೇಕೆಂದು ಕಂಡುಕೊಳ್ಳುವ ಕ್ರಮವೂ ಇದೆ. ನಿವ್ವಳ ಶೂನ್ಯಕ್ಕೆ ಹೀಗೆ ಗುರಿಯಿಂದ ಹಿಂದಕ್ಕೆ ಬರುವ ಕ್ರಮವೇ ಹೆಚ್ಚು ಹೊಂದುತ್ತದೆ.

ಕರ್ನಾಟಕಕ್ಕೆ ಇದು ಹೊಸದೇನಲ್ಲ. 1987ರಲ್ಲಿ ವಿದ್ಯುತ್ ಯೋಜನೆಗಳ ದೀರ್ಘಾವಧಿ ಸಮಿತಿಯೊಂದು, 2000ನೇ ಇಸವಿಗೆ ರಾಜ್ಯಕ್ಕೆ ವರ್ಷಕ್ಕೆ ಸುಮಾರು 4,750 ಕೋಟಿ ಯೂನಿಟ್ ಬೇಕಾಗುತ್ತದೆಂದು ಅಂದಾಜಿಸಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಹೋದ್ಯೋಗಿಗಳು ಅದೇ ವರ್ಷಕ್ಕೆ ಇನ್ನೊಂದು ಸನ್ನಿವೇಶವನ್ನು ಕಟ್ಟಿದರು. ಎಲ್ಲ ಮನೆಗೂ ವಿದ್ಯುತ್ ಕೊಟ್ಟು, ಪಂಪ್‌ಸೆಟ್‌ಗಳ ದಕ್ಷತೆಯನ್ನು ಸುಧಾರಿಸಿ, ಬಲ್ಬ್‌ಗಳನ್ನು ಬದಲಿಸಿ, ನೀರು ಕಾಯಿಸಲು ಬಿಸಿಲನ್ನು ಬಳಸಿಕೊಂಡರೆ ಸುಮಾರು 1,790 ಕೋಟಿ ಯೂನಿಟ್ ಸಾಕೆಂದು ಅವರ ಲೆಕ್ಕ ತೋರಿಸಿತು. ಡೆಫೆಂಡಸ್ ಎಂದು ಹೆಸರಾದ ಆ ವಿಧಾನದ ಬೇರು ನಮ್ಮ ಜಿಲ್ಲೆಯಲ್ಲೇ, ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಮುತ್ತಲ ಹಳ್ಳಿಗಳಲ್ಲಿ 1970ರ ದಶಕದಲ್ಲಿ ನಡೆದ ಮನೆಮನೆ ಇಂಧನ ಸಮೀಕ್ಷೆಯಲ್ಲಿದೆ ಎಂಬುದು ನಮಗೆ ಹೆಮ್ಮೆಯ ವಿಷಯ. ಎಷ್ಟು ಉತ್ಪಾದಿಸಬೇಕು ಎಂಬಲ್ಲಿಂದ ಹೊರಡದೆ, ಯಾತಕ್ಕೆ ಬೇಕು ಎಂಬಲ್ಲಿಂದ ಹೊರಟದ್ದರಿಂದಲೇ ಆ ಎರಡು ಲೆಕ್ಕಗಳ ನಡುವೆ ಅಷ್ಟೊಂದು ಅಂತರ ಬಂದಿತು.

ಚರ್ಚೆಗಾಗಿ ಮೂರು ಸನ್ನಿವೇಶಗಳನ್ನು ಮುಂದಿಡುತ್ತೇನೆ. ಈಗ ನಡೆದಂತೆಯೇ ನಡೆಯುವುದು ಮೊದಲನೆಯದು. ದೊಡ್ಡ ಸೌರ ಪಾರ್ಕ್‌ಗಳನ್ನು ಇನ್ನಷ್ಟು ಹೆಚ್ಚಿಸಿ, ಉಳಿದದ್ದನ್ನು ಹಾಗೆಯೇ ಬಿಡುವುದು ಎರಡನೆಯದು. ಇದನ್ನು ಬಿಸಿಲು ಮೊದಲು ಎನ್ನೋಣ. ಅಂತರ್ಜಲ ಮತ್ತು ನೀರೆತ್ತುವ ವಿದ್ಯುತ್ತನ್ನು ಕೇಂದ್ರದಲ್ಲಿಟ್ಟು ಬೇರೆಲ್ಲವನ್ನೂ ಅದರ ಸುತ್ತ ಜೋಡಿಸುವುದು ಮೂರನೆಯದು. ಇದು ನೀರು ಮೊದಲು. ಮೂರನೆಯದೇ ನಮ್ಮ ಬಯಲುಸೀಮೆಗೆ ತಕ್ಕದ್ದೆಂಬುದು ನನ್ನ ಅಭಿಪ್ರಾಯ. ಒಪ್ಪದವರು ಕಾರಣ ಕೊಟ್ಟು ವಾದಿಸಬೇಕೆಂದು ಕೋರುತ್ತೇನೆ.

ಟೊಮೆಟೊ ಬೆಳೆಗಾರ, ಕೋಲಾರ ತಾಲ್ಲೂಕು

ನಮಸ್ಕಾರ ಸರ್. ನೀರು ಮೊದಲು ಎಂಬುದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನಮ್ಮಲ್ಲಿ ಕರೆಂಟ್ ಎಂದರೆ ಮೊದಲು ಮೋಟಾರು, ಆಮೇಲೆ ದೀಪ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ ಇಲ್ಲದಿರುವುದರಿಂದ, ಎಷ್ಟು ಯೂನಿಟ್ ಹೋಯಿತು ಎಂದು ಯಾವ ರೈತನೂ ಲೆಕ್ಕ ಇಟ್ಟಿಲ್ಲ, ಮೀಟರ್ ಕೂಡ ಬಹುತೇಕ ಕಡೆ ಇಲ್ಲ. ನನ್ನ ತೋಟದ ಕೊಳವೆಬಾವಿ ಸಾವಿರ ಅಡಿ ದಾಟಿದೆ. ಒಂದು ಎಕರೆ ಟೊಮೆಟೊಗೆ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಕರೆಂಟ್ ಹೋಗುತ್ತದೆ, ಅದರಿಂದ ಎಷ್ಟು ಕಾರ್ಬನ್ ಹೊರಗೆ ಹೋಗುತ್ತದೆ ಎಂಬುದನ್ನು ತಾವು ಲೆಕ್ಕ ಮಾಡಿ ತೋರಿಸಬಹುದೇ? ಆ ಲೆಕ್ಕ ಗೊತ್ತಾಗದೆ ಯಾವ ಸನ್ನಿವೇಶವೂ ನಮಗೆ ಅರ್ಥವಾಗುವುದಿಲ್ಲ.

ನಿವೃತ್ತ ವಿದ್ಯುತ್ ಎಂಜಿನಿಯರ್, ತುಮಕೂರು

ಖಂಡಿತ. ಸಾವಿರ ಲೀಟರ್ ನೀರನ್ನು ಸಾವಿರ ಅಡಿ, ಅಂದರೆ ಸುಮಾರು 305 ಮೀಟರ್ ಮೇಲಕ್ಕೆತ್ತಲು ಭೌತಶಾಸ್ತ್ರದ ಪ್ರಕಾರ ಕನಿಷ್ಠ 0.83 ಯೂನಿಟ್ ಬೇಕು. ಮೋಟಾರು, ಪಂಪು, ಪೈಪು ಎಲ್ಲ ಸೇರಿ ದಕ್ಷತೆಯನ್ನು ಶೇ 40 ಎಂದು ಹಿಡಿದರೆ ಅದು 2 ಯೂನಿಟ್ ಆಗುತ್ತದೆ. ಇಲ್ಲಿ ಕೊರೆದ ಆಳಕ್ಕಿಂತ, ಮೋಟಾರು ಓಡುತ್ತಿರುವಾಗ ನೀರು ನಿಲ್ಲುವ ಮಟ್ಟ ಮುಖ್ಯ ಎಂಬುದನ್ನು ಗಮನಿಸಬೇಕು. ಬೇಸಿಗೆಯಲ್ಲಿ ಒಂದು ಎಕರೆಗೆ ದಿನಕ್ಕೆ 5 ಮಿಲಿಮೀಟರ್ ನೀರು ಎಂದರೆ ಸುಮಾರು 20 ಸಾವಿರ ಲೀಟರ್. ಅದಕ್ಕೆ 40 ಯೂನಿಟ್ ಬೇಕು. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ನಿಮ್ಮ ಒಂದು ಎಕರೆ ಟೊಮೆಟೊದ ಲೆಕ್ಕ ದಿನಕ್ಕೆ 28 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ.

ಈಗ ನೀರಿನ ಮಟ್ಟ 300 ಅಡಿಗೆ ಬಂದಿದೆ ಎಂದುಕೊಳ್ಳಿ. ಅದೇ ಬೆಳೆಗೆ, ಅದೇ ಮೋಟಾರಿನ ದಕ್ಷತೆಯಲ್ಲಿ, 12 ಯೂನಿಟ್ ಸಾಕು. ಒಂದೇ ಒಂದು ಸೌರ ಫಲಕ ಹಾಕದೆ ದಿನಕ್ಕೆ 28 ಯೂನಿಟ್ ಉಳಿಯಿತು. ಹನಿ ನೀರಾವರಿಯಿಂದ ನೀರಿನ ಪ್ರಮಾಣವೂ ತಗ್ಗಿದರೆ ಇನ್ನೂ ಕಡಿಮೆ. ಕೆರೆ ಹೂಳೆತ್ತುವುದು, ರಾಜಕಾಲುವೆ ಬಿಡಿಸುವುದು, ಇಂಗುಗುಂಡಿ ತೋಡುವುದು ಎಲ್ಲವೂ ನಮ್ಮ ಭಾಗದಲ್ಲಿ ಹವಾಮಾನ ಯೋಜನೆಯ ಕೆಲಸಗಳೇ ಎಂದು ನಾನು ವಾದಿಸುವುದು ಈ ಲೆಕ್ಕದ ಆಧಾರದ ಮೇಲೆ. ರಾಜ್ಯದಲ್ಲಿ ಮಾರಾಟವಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ನೀರಾವರಿ ಪಂಪ್‌ಸೆಟ್‌ಗಳಿಗೇ ಹೋಗುತ್ತಿರುವಾಗ, ಆಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವುದೇ ಮಾದರಿ ಕೋಲಾರದ ಮಟ್ಟಿಗೆ ಅಪೂರ್ಣ.

ಟೊಮೆಟೊ ಬೆಳೆಗಾರ, ಕೋಲಾರ ತಾಲ್ಲೂಕು

ಧನ್ಯವಾದ ಸರ್, ಈಗ ಮನಸ್ಸಿಗೆ ನಾಟಿತು. ಹಾಗಿದ್ದರೆ ಕೆ.ಸಿ. ವ್ಯಾಲಿ ನೀರನ್ನು, ಅಂದರೆ ಬೆಂಗಳೂರಿನಿಂದ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುವ ಕೊಳಚೆ ನೀರನ್ನು, ಯಾವ ಕಾಲಂಗೆ ಬರೆಯುತ್ತೀರಿ? 2018ರಲ್ಲಿ ಲಕ್ಷ್ಮಿಸಾಗರ ಕೆರೆಗೆ ಮೊದಲು ನೀರು ಬಂದ ಮೇಲೆ, ನಮ್ಮ ಸುತ್ತಲಿನ ಹಲವು ಕೊಳವೆಬಾವಿಗಳಲ್ಲಿ ಮಟ್ಟ ಏರಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಆ ನೀರನ್ನು ಬೆಂಗಳೂರಿನಿಂದ ಇಲ್ಲಿಯವರೆಗೆ ಪಂಪ್ ಮಾಡಿಯೇ ತರಬೇಕು. ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಬೇಡ, ಮೂರನೇ ಹಂತವೂ ಆಗಲಿ ಎಂಬ ಬೇಡಿಕೆ ನಮ್ಮ ಜಿಲ್ಲೆಯಲ್ಲಿ ಬಹಳ ಕಾಲದಿಂದ ಇದೆ. ಅದಕ್ಕೂ ವಿದ್ಯುತ್ ಬೇಕು.

ನಿವೃತ್ತ ವಿದ್ಯುತ್ ಎಂಜಿನಿಯರ್, ತುಮಕೂರು

ಮೂರನ್ನೂ ಬರೆಯಬೇಕು: ಪೈಪ್‌ಲೈನ್‌ನ ವಿದ್ಯುತ್, ಶುದ್ಧೀಕರಣದ ವಿದ್ಯುತ್, ಕೊಳವೆಬಾವಿಯಲ್ಲಿ ಉಳಿದ ವಿದ್ಯುತ್. ಪೈಪಿನಲ್ಲಿ ನೀರನ್ನು 100 ಮೀಟರ್ ಎತ್ತಬೇಕೆಂದು ಹಿಡಿದರೂ, ಅದಕ್ಕೆ ಬೇಕಾದ ಶಕ್ತಿ ಕೊಳವೆಬಾವಿಯಿಂದ 300 ಮೀಟರ್ ಎತ್ತುವುದರ ಮೂರನೇ ಒಂದು ಭಾಗ, ಆದ್ದರಿಂದ ಒಟ್ಟಾರೆ ಲಾಭವೇ ಕಾಣುವ ಸಾಧ್ಯತೆ ಹೆಚ್ಚು. ಆದರೆ ಕೆರೆಯಿಂದ ಇಂಗಿದ ನೀರನ್ನು ಮತ್ತೆ ಮೇಲೆತ್ತುವ ಖರ್ಚೂ ಸೇರಬೇಕು. ಇಷ್ಟೇ ಮುಖ್ಯವಾದ ಇನ್ನೊಂದು ವಿಚಾರವೆಂದರೆ, ಮೂರನೇ ಹಂತದ ಶುದ್ಧೀಕರಣಕ್ಕೆ ತಗಲುವ ವಿದ್ಯುತ್ತನ್ನು ಬೆಂಗಳೂರಿನ ಖಾತೆಗೆ ಹಾಕಬೇಕೇ ಹೊರತು ಕೋಲಾರದ ಖಾತೆಗಲ್ಲ. ಕೊಳಚೆ ಹುಟ್ಟಿದ್ದು ಅಲ್ಲಿ. ಎತ್ತಿನಹೊಳೆ ನೀರು ನಮ್ಮ ಮೂರು ಜಿಲ್ಲೆಗಳಿಗೆ ಬಂದು ತಲುಪುವ ದಿನಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಪಶ್ಚಿಮಘಟ್ಟದಿಂದ ಮೇಲೆತ್ತಿ ತರುವ ಪ್ರತಿ ಲೀಟರಿಗೂ ವಿದ್ಯುತ್ತಿನ ಬೆಲೆಯಿದೆ.

ಪ್ರೌಢಶಾಲಾ ಶಿಕ್ಷಕಿ, ಪಾವಗಡ ತಾಲ್ಲೂಕು

ಖಾತೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ ಪೂರ್ಣ ಸಾಮರ್ಥ್ಯಕ್ಕೆ ಬಂದಿತು. ಇಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ 28 ವರ್ಷಗಳ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಶೇ 5ರಂತೆ ಹೆಚ್ಚಿಸುವ ಒಪ್ಪಂದವದು. ಮಳೆ ನಂಬಿ ಶೇಂಗಾ ಹಾಕಿ ಸೋತಿದ್ದ ಜಮೀನುದಾರರಿಗೆ ಇದು ನಿಜವಾಗಿಯೂ ಆಸರೆಯಾಗಿದೆ. ಭೂಮಿಯ ಹಕ್ಕು ಅವರಲ್ಲೇ ಉಳಿದಿದೆ. ಇದನ್ನು ನಾನು ಮೊದಲೇ ಸ್ಪಷ್ಟವಾಗಿ ಹೇಳಲು ಬಯಸುತ್ತೇನೆ.

ಆದರೆ ಜಮೀನಿಲ್ಲದವರಿಗೆ ಗುತ್ತಿಗೆ ಹಣ ಬರುವುದಿಲ್ಲ. ಕಳೆ ಕೀಳುವುದು, ಶೇಂಗಾ ಬಿಡಿಸುವುದು, ಕುರಿ ಮೇಯಿಸುವುದು ಇವುಗಳಿಂದ ಬದುಕುತ್ತಿದ್ದವರ ಕೆಲಸ ಬೇಲಿಯೊಳಗೆ ಸೇರಿಹೋಯಿತು. ಫಲಕ ಒರೆಸುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸಗಳು ಸಿಕ್ಕಿವೆಯಾದರೂ ಹಿಂದಿದ್ದ ಕೂಲಿ ದಿನಗಳಿಗೆ ಸಾಟಿಯಾಗುವಷ್ಟಿಲ್ಲ. ಬಿಸಿಲು ಮೊದಲು ಎಂಬ ಸನ್ನಿವೇಶ ಬರೆಯುವವರು ಮೆಗಾವ್ಯಾಟ್ ಕಾಲಂನ ಪಕ್ಕದಲ್ಲೇ ಕೂಲಿ ದಿನಗಳ ಕಾಲಂ ಒಂದನ್ನು ಎಳೆಯಬೇಕು. ಇನ್ನೊಂದು ಪ್ರಶ್ನೆ: ಒಪ್ಪಂದದ ಅವಧಿ 2040ರ ದಶಕದಲ್ಲಿ ಮುಗಿಯುತ್ತದೆ. ದೇಶದ ಗುರಿ 2070. ಉಳಿದ ಕಾಲು ಶತಮಾನದಲ್ಲಿ ಆ ಭೂಮಿ ಏನಾಗುತ್ತದೆ, ಹಳೆಯ ಫಲಕಗಳ ಗಾಜು, ಅಲ್ಯೂಮಿನಿಯಂ, ಸೀಸ ಎಲ್ಲಿಗೆ ಹೋಗುತ್ತವೆ ಎಂಬುದು ಯಾವ ನಕ್ಷೆಯಲ್ಲೂ ಇದ್ದಂತಿಲ್ಲ. ನನ್ನ ವಿದ್ಯಾರ್ಥಿಗಳು ಆಗ ನಡುವಯಸ್ಸಿನವರಾಗಿರುತ್ತಾರೆ.

ಇಂಧನ ವಿಷಯದ ಸಂಶೋಧನಾ ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಶಿಕ್ಷಕಿಯವರು ಎತ್ತಿದ ಪ್ರಶ್ನೆ ಪ್ರಾದೇಶಿಕ ಸನ್ನಿವೇಶಗಳ ಅತ್ಯಂತ ಕಠಿಣ ಭಾಗವನ್ನು ಮುಟ್ಟುತ್ತದೆ: ಗಡಿಯನ್ನು ಎಲ್ಲಿ ಎಳೆಯಬೇಕು? 2,050 ಮೆಗಾವ್ಯಾಟ್ ಪಾರ್ಕ್ ವರ್ಷಕ್ಕೆ ಸ್ಥೂಲವಾಗಿ 400 ಕೋಟಿ ಯೂನಿಟ್ ಕೊಡುತ್ತದೆ ಎಂದು ಹಿಡಿದು, ಅದನ್ನು ಮೇಲೆ ಹೇಳಿದ 0.7 ಕಿಲೋದಿಂದ ಗುಣಿಸಿದರೆ ಸುಮಾರು 28 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಈ 28 ಲಕ್ಷ ಟನ್ನನ್ನು ತುಮಕೂರು ಜಿಲ್ಲೆ ತನ್ನ ಉಳಿತಾಯವೆಂದು ಬರೆದುಕೊಂಡರೆ ಕಾಗದದ ಮೇಲೆ ಜಿಲ್ಲೆ ಇಂದೇ ಗುರಿ ತಲುಪಿಬಿಡಬಹುದು. ಆದರೆ ಆ ವಿದ್ಯುತ್ ರಾಜ್ಯದ ಗ್ರಿಡ್‌ಗೆ ಹೋಗುತ್ತದೆ, ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳು ಕೊಳ್ಳುತ್ತವೆ, ದೊಡ್ಡ ಪಾಲು ಬೆಂಗಳೂರಿನಲ್ಲಿ ಬಳಕೆಯಾಗುತ್ತದೆ. ಬೆಂಗಳೂರೂ ಅದನ್ನೇ ತನ್ನ ಉಳಿತಾಯವೆಂದು ತೋರಿಸಿದರೆ ಒಂದೇ ಟನ್ ಎರಡು ಕಡೆ ಎಣಿಕೆಯಾಗುತ್ತದೆ. ವಾತಾವರಣದಲ್ಲಿ ಕಡಿಮೆಯಾಗಿರುವುದು ಒಂದೇ ಟನ್.

ಇಂಥದ್ದೇ ತೊಡಕು ಡೀಸೆಲ್‌ನಲ್ಲೂ ಇದೆ. ಶಿರಾ ಬಳಿ ಹೆದ್ದಾರಿಯ ಬಂಕ್‌ಗಳಲ್ಲಿ ಟ್ಯಾಂಕ್ ತುಂಬಿಸಿಕೊಳ್ಳುವ ಲಾರಿಗಳು ಪುಣೆ, ಮುಂಬೈ ಕಡೆಯವು. ಜಿಲ್ಲೆಯಲ್ಲಿ ಮಾರಾಟವಾದ ಡೀಸೆಲ್ ಎಂಬ ಒಂದೇ ಅಂಕಿಯಿಂದ ಜಿಲ್ಲೆಯ ಹೊರಸೂಸುವಿಕೆಯನ್ನು ಅಳೆದರೆ ಟ್ರ್ಯಾಕ್ಟರ್ ಇಟ್ಟ ರೈತನ ಮೇಲೆ ಹೆದ್ದಾರಿಯ ಲೆಕ್ಕ ಬೀಳುತ್ತದೆ.

ಆದ್ದರಿಂದ ಎರಡು ಪಟ್ಟಿಗಳನ್ನು ಬೇರೆಬೇರೆಯಾಗಿ ಇಡಬೇಕೆಂಬುದು ನನ್ನ ಸಲಹೆ. ಜಿಲ್ಲೆಯ ಜನ ಮತ್ತು ಉದ್ಯಮ ಬಳಸಿದ ಇಂಧನದ ಪಟ್ಟಿ ಒಂದು, ಜಿಲ್ಲೆಯ ನೆಲದಲ್ಲಿ ಉತ್ಪಾದನೆಯಾಗಿ ಹೊರಗೆ ಹೋದದ್ದರ ಪಟ್ಟಿ ಇನ್ನೊಂದು. ಗುರಿಯನ್ನು ಮೊದಲ ಪಟ್ಟಿಗೆ ಕಟ್ಟಬೇಕು. ಎರಡನೆಯ ಪಟ್ಟಿ ಚೌಕಾಸಿಗೆ ಬೇಕು. ನಮ್ಮ ನೆಲದ ಬಿಸಿಲಿನಿಂದ ನಗರವೊಂದು ತನ್ನ ಗುರಿ ಮುಟ್ಟುವುದಾದರೆ, ಅದರ ಪ್ರತಿಯಾಗಿ ಜಮೀನಿಲ್ಲದವರಿಗೆ ಏನು ಸಿಗುತ್ತದೆ ಎಂದು ಕೇಳಲು ಆ ಪಟ್ಟಿಯೇ ಆಧಾರ.

ಸಂಜೆಯ ವಿಚಾರವನ್ನೂ ಸೇರಿಸುತ್ತೇನೆ. ಬಿಸಿಲು ಮೊದಲು ಸನ್ನಿವೇಶದಲ್ಲಿ ಮಧ್ಯಾಹ್ನ ವಿದ್ಯುತ್ ಹೇರಳ, ಆರು ಗಂಟೆಯ ನಂತರ ಅದು ಸೊನ್ನೆ. ಸಂಜೆ ದೀಪ, ಟಿವಿ, ಅಡುಗೆ ಒಟ್ಟಿಗೆ ಬಂದಾಗ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳೇ ಹೊರೆ ಹೊರಬೇಕು, ಇಲ್ಲವೇ ಸಂಗ್ರಹಣೆ ಬೇಕು. ಶರಾವತಿ ಕಣಿವೆಯಲ್ಲಿ ಉದ್ದೇಶಿಸಿರುವ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ) ಯೋಜನೆಗೆ ಸಿಂಹಬಾಲದ ಸಿಂಗಳೀಕಗಳ ಅಭಯಾರಣ್ಯವನ್ನು ಮುಟ್ಟುವುದೆಂಬ ಕಾರಣಕ್ಕೆ ತೀವ್ರ ವಿರೋಧವಿದೆ. ಹೀಗಿರುವಾಗ, ಬೇಡಿಕೆಯನ್ನೇ ಹಗಲಿಗೆ ಸರಿಸುವುದು ಅಗ್ಗದ ದಾರಿ, ಮತ್ತು ಹಗಲಿಗೆ ಸರಿಸಬಹುದಾದ ಅತಿದೊಡ್ಡ ಬೇಡಿಕೆ ನಮ್ಮ ಪಂಪ್‌ಸೆಟ್‌ಗಳದ್ದೇ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಫೀಡರ್ (ಸರಬರಾಜು ಮಾರ್ಗ) ಮತ್ತು ತೋಟದ ಫೀಡರ್ ಬೇರೆಯಾದದ್ದು ಇದಕ್ಕೆ ಅನುಕೂಲವಾಗಿದೆ. ಕೃಷಿಗೆ ಸೌರ ವಿದ್ಯುತ್ ಒದಗಿಸುವ ಕೇಂದ್ರದ ಕುಸುಮ್ ಯೋಜನೆಯ ಸಿ ಘಟಕದಡಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೌರ ಘಟಕ ಹಾಕಿ, ಅಲ್ಲಿಂದಲೇ ತೋಟದ ಫೀಡರ್‌ಗಳಿಗೆ ಹಗಲು ವಿದ್ಯುತ್ ಕೊಡಲಾಗುತ್ತದೆ. ನಮ್ಮ ಗೌರಿಬಿದನೂರು ತಾಲ್ಲೂಕಿನಲ್ಲಿ 2025ರಲ್ಲಿ ಇಂಥ ಘಟಕವೊಂದು ಉದ್ಘಾಟನೆಯಾಯಿತು.

ಟೊಮೆಟೊ ಬೆಳೆಗಾರ, ಕೋಲಾರ ತಾಲ್ಲೂಕು

ಹಗಲು ತ್ರೀಫೇಸ್ ಕೊಟ್ಟರೆ ರೈತರು ಕೈ ಮುಗಿಯುತ್ತಾರೆ. ರಾತ್ರಿ ಹೊತ್ತು ಸ್ಟಾರ್ಟರ್ ಹತ್ತಿರ ಹೋಗುವಾಗ ಹಾವು, ಶಾಕ್, ಈಗೀಗ ಕೆಲವು ಕಡೆ ಚಿರತೆ. ಈ ಭಯ ತಪ್ಪುವುದೇ ದೊಡ್ಡ ಉಪಕಾರ. ಆದರೆ ನನ್ನದೊಂದು ಆತಂಕವಿದೆ. ಬಿಸಿಲಿನ ಕರೆಂಟ್ ಪುಕ್ಕಟೆ, ನೀರೂ ಪುಕ್ಕಟೆ ಎಂದಾದರೆ ಮೋಟಾರು ನಿಲ್ಲಿಸುವವರು ಯಾರು? ಕಾರ್ಬನ್ ಶೂನ್ಯವಾಗುವ ಹೊತ್ತಿಗೆ ನೀರೂ ಶೂನ್ಯವಾಗಬಾರದು.

ಇಂಧನ ವಿಷಯದ ಸಂಶೋಧನಾ ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಅಣ್ಣಾ, ನೀವು ಹೇಳಿದ ಕಾರಣಕ್ಕಾಗಿಯೇ ಬಿಸಿಲು ಮೊದಲು ಮತ್ತು ನೀರು ಮೊದಲು ಎಂಬ ಎರಡು ಸನ್ನಿವೇಶಗಳು ಬೇರೆಯಾಗುತ್ತವೆ. ನಮ್ಮ ಭಾಗದ ಅಂತರ್ಜಲ ಈಗಾಗಲೇ ಮಿತಿಮೀರಿ ಬಳಕೆಯಾಗಿದೆ ಎಂದು ಸರ್ಕಾರಿ ಮೌಲ್ಯಮಾಪನಗಳೇ ಹೇಳುತ್ತಿರುವಾಗ, ಫಲಕ ಹಾಕುವುದರಿಂದ ಮಾತ್ರ ಸಮಸ್ಯೆ ತೀರುವುದಿಲ್ಲ. 2014ರಲ್ಲಿ ಘೋಷಣೆಯಾದ ಸೂರ್ಯ ರೈತ ಯೋಜನೆಯಡಿ ಕನಕಪುರದ ಹಾರೋಬೆಲೆಯಲ್ಲಿ, ರೈತರು ತಮ್ಮ ಪಂಪ್‌ಗೆ ಬೇಕಾದಷ್ಟು ಬಳಸಿಕೊಂಡು ಉಳಿದ ಸೌರ ವಿದ್ಯುತ್ತನ್ನು ಗ್ರಿಡ್‌ಗೆ ಮಾರುವ ವ್ಯವಸ್ಥೆ ಮಾಡಲಾಗಿತ್ತು. ಮೋಟಾರು ನಿಲ್ಲಿಸಿದಷ್ಟೂ ಹಣ ಬರುವಂತಿದ್ದರೆ ನೀರು ಉಳಿಸಲು ಒಂದು ಕಾರಣ ಹುಟ್ಟುತ್ತದೆ. ದರ ಕಡಿಮೆಯಾದರೆ ಆ ಕಾರಣ ಸೋಲುತ್ತದೆ, ಏಕೆಂದರೆ ಟೊಮೆಟೊಗೆ ಬೆಲೆಯಿದ್ದ ಕಾಲದಲ್ಲಿ ನೀರಿನ ಮೌಲ್ಯ ಯೂನಿಟ್ ದರಕ್ಕಿಂತ ಎಷ್ಟೋ ಮೇಲಿರುತ್ತದೆ. ಫೀಡರ್ ಮಟ್ಟದ ಸೌರ ಘಟಕದಲ್ಲಿ ರೈತನಿಗೆ ಈ ಪ್ರೋತ್ಸಾಹವೂ ಇರುವುದಿಲ್ಲ. ಅಲ್ಲಿ ಸರಬರಾಜಿನ ಗಂಟೆಗಳನ್ನು ಮಿತಿಗೊಳಿಸುವುದೊಂದೇ ಹಿಡಿತ.

ರೇಷ್ಮೆ ರೀಲರ್, ಶಿಡ್ಲಘಟ್ಟ

ಇಲ್ಲಿಯವರೆಗೆ ಎಲ್ಲರೂ ಕರೆಂಟ್ ಬಗ್ಗೆ ಬರೆದಿದ್ದೀರಿ. ನಮ್ಮ ಊರಿನ ಇಂಧನ ಸೌದೆ. ನೂಲು ತೆಗೆಯುವ ಮುನ್ನ ರೇಷ್ಮೆಗೂಡು ಬೇಯಿಸಲು, ಬೇಸಿನ್‌ನಲ್ಲಿ ನೀರು ಸದಾ ಬಿಸಿಯಾಗಿರಲು, ನೂಲು ಒಣಗಲು ಬೆಳಗಿನ ಜಾವದಿಂದ ಒಲೆ ಉರಿಯುತ್ತಲೇ ಇರಬೇಕು. ಚರಕ ಇಟ್ಟವರೂ, ಕಾಟೇಜ್ ಬೇಸಿನ್ ಇಟ್ಟವರೂ ಸೌದೆಯನ್ನೇ ನಂಬಿದ್ದಾರೆ. ನೀರು ತಣ್ಣಗಾದರೆ ಎಳೆ ಸರಿಯಾಗಿ ಬಿಡುವುದಿಲ್ಲ, ಹೆಚ್ಚು ಬೆಂದರೆ ನೂಲು ನಷ್ಟ. ಹಾಗಾಗಿ ಒಲೆಯ ಉರಿಯನ್ನು ಕಣ್ಣಲ್ಲೇ ಅಳೆಯುವ ಕೆಲಸಗಾರನೇ ನಮ್ಮ ಥರ್ಮಾಮೀಟರ್. ಹೊಗೆಯಲ್ಲಿ ದಿನವಿಡೀ ಕೂರುವವರ ಕಣ್ಣು, ಶ್ವಾಸಕೋಶದ ಸ್ಥಿತಿಯನ್ನು ಬಂದು ನೋಡಬೇಕು.

ಸೌದೆ ಮರು ಬೆಳೆಯುತ್ತದೆ, ಆದ್ದರಿಂದ ಅದರ ಕಾರ್ಬನ್ ಲೆಕ್ಕಕ್ಕಿಲ್ಲ ಎಂದು ಒಂದು ಸಭೆಯಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಕಡಿದಷ್ಟು ಎಲ್ಲಿ ಬೆಳೆಯುತ್ತಿದೆ? ನಮಗೆ ಬರುತ್ತಿದ್ದ ಸೌದೆಯಲ್ಲಿ ನೀಲಗಿರಿಯೇ ಬಹಳ. ಅಂತರ್ಜಲ ಹೀರುತ್ತದೆಂಬ ಕಾರಣಕ್ಕೆ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದು ಸರಿಯೆಂದೇ ನನ್ನ ಭಾವನೆ. ಆದರೆ ನಿಷೇಧದ ನಂತರ ರೀಲರ್ ಯಾವುದನ್ನು ಉರಿಸಬೇಕೆಂದು ಯಾರೂ ಯೋಚಿಸಿದಂತಿಲ್ಲ. ನೀರು ಮೊದಲು ಎನ್ನುವ ಸನ್ನಿವೇಶದಲ್ಲಿ ನಮ್ಮ ಒಲೆಗೆ ಜಾಗವೆಲ್ಲಿ?

ನಿವೃತ್ತ ವಿದ್ಯುತ್ ಎಂಜಿನಿಯರ್, ತುಮಕೂರು

ಬಹಳ ಮುಖ್ಯವಾದ ಪ್ರಶ್ನೆ. ಬೇಸಿನ್‌ಗೆ ಕುದಿಯುವ ನೀರೇ ಬೇಕಾಗಿಲ್ಲ, ಬಿಸಿನೀರು ಸಾಕಾದ ಹಂತಗಳೂ ಇವೆ. ಚಾವಣಿಯ ಮೇಲಿನ ಸೌರ ಹೀಟರ್‌ನಲ್ಲಿ 60 ಡಿಗ್ರಿಗೆ ಕಾದ ನೀರನ್ನು ಬಾಯ್ಲರ್‌ಗೆ ಬಿಟ್ಟರೆ, 25 ಡಿಗ್ರಿಯ ನೀರನ್ನು ಕುದಿಯುವ ಮಟ್ಟಕ್ಕೆ ತರುವ ಕೆಲಸದಲ್ಲಿ ಸುಮಾರು ಅರ್ಧ ಬಿಸಿಲಿನದ್ದಾಗುತ್ತದೆ. ಉಳಿದರ್ಧಕ್ಕೆ ಹಿಪ್ಪುನೇರಳೆ ಕಡ್ಡಿ, ತೆಂಗಿನ ಚಿಪ್ಪಿನಂಥ ಕೃಷಿ ಉಳಿಕೆಗಳನ್ನು ಸುಧಾರಿತ ಒಲೆಯಲ್ಲಿ ಬಳಸುವುದು ಒಂದು ದಾರಿ. ನೇರವಾಗಿ ವಿದ್ಯುತ್ತಿಗೆ ಹೋಗುವುದು ಇನ್ನೊಂದು ದಾರಿಯಾದರೂ, ಇಂದಿನ ಗ್ರಿಡ್‌ನಲ್ಲಿ ಅದರಿಂದ ಕಲ್ಲಿದ್ದಲಿನ ಹೊಗೆ ರಾಯಚೂರಿನಲ್ಲಿ ಹೆಚ್ಚುತ್ತದೆ. ಗ್ರಿಡ್ ಶುದ್ಧವಾದಂತೆಲ್ಲ ಈ ದಾರಿ ಉತ್ತಮವಾಗುತ್ತಾ ಹೋಗುತ್ತದೆ. ಆದ್ದರಿಂದ ರೇಷ್ಮೆಗೆ 2035ರ ಉತ್ತರ ಬೇರೆ, 2050ರ ಉತ್ತರ ಬೇರೆ. ಸನ್ನಿವೇಶದಲ್ಲಿ ಇಸವಿಗಳನ್ನು ನಮೂದಿಸುವುದು ಇದಕ್ಕಾಗಿಯೇ.

ಇಟ್ಟಿಗೆ ಗೂಡಿನ ಲೆಕ್ಕ ಬರೆಯುವವರು, ಮಾಲೂರು

ನಮ್ಮ ಇಟ್ಟಿಗೆ, ಹೆಂಚಿನ ಗೂಡುಗಳನ್ನೂ ಇದೇ ಕಾಲಂಗೆ ಸೇರಿಸಿ. ಇಲ್ಲಿನ ಇಟ್ಟಿಗೆಯಲ್ಲಿ ಬಹುಪಾಲು ಬೆಂಗಳೂರಿಗೇ ಹೋಗುವುದು, ಹೊಗೆ ಮಾತ್ರ ಮಾಲೂರಿನಲ್ಲೇ ಉಳಿಯುತ್ತದೆ.

ಕೋಲಾರದ ವಕೀಲರು

ಎಲ್ಲರ ಕಾಳಜಿಯನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೆ.ಜಿ.ಎಫ್. ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಅಷ್ಟು ದೂರದ ವಿದ್ಯುತ್ ಪ್ರಸರಣ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ಆದರೆ ಆ ತಂತಿಯ ಕೆಳಗಿದ್ದ ಹಳ್ಳಿಗಳಿಗೆ ದೀಪ ಬರಲು ದಶಕಗಳೇ ಹಿಡಿದವು. ಈಗ ಅದೇ ಜಿಲ್ಲೆಗೆ, ನಿಮ್ಮ ಹೊರಸೂಸುವಿಕೆ ತಗ್ಗಿಸಿ ಎಂದು ಹೇಳುವುದು ನ್ಯಾಯವೇ? ದೇಶದ ಗುರಿ 2070. ಬಡ ತಾಲ್ಲೂಕುಗಳು ಮೊದಲು ಹೊಟ್ಟೆತುಂಬ ವಿದ್ಯುತ್ ಬಳಸಲಿ, ಕೈಗಾರಿಕೆ ಬರಲಿ. ನರಸಾಪುರ, ವೇಮಗಲ್, ವಸಂತನರಸಾಪುರಗಳಂಥ ಕೈಗಾರಿಕಾ ಪ್ರದೇಶಗಳಿಗೆ ಈಗಲೇ ನಿರ್ಬಂಧ ಹಾಕಿದರೆ ಉದ್ಯೋಗ ಬೇರೆಡೆಗೆ ಹೋಗುತ್ತದೆ.

ಪ್ರೌಢಶಾಲಾ ಶಿಕ್ಷಕಿ, ಪಾವಗಡ ತಾಲ್ಲೂಕು

ವಕೀಲರೇ, ತಮ್ಮ ನ್ಯಾಯದ ಪ್ರಶ್ನೆ ನನ್ನದೂ ಹೌದು. ಆದರೆ ನಾವು ಯೋಜನೆ ಮಾಡದೆ ಕುಳಿತರೆ ನಿರ್ಬಂಧ ತಪ್ಪುವುದಿಲ್ಲ, ಬೇರೆಯವರು ಮಾಡಿದ ಯೋಜನೆ ನಮ್ಮ ಮೇಲೆ ಬರುತ್ತದೆ. ಪಾವಗಡದಲ್ಲಿ ಆದದ್ದು ಅದೇ. ಪಾರ್ಕ್ ಎಲ್ಲಿ, ಎಷ್ಟು ದೊಡ್ಡದು, ಮೇವಿಗೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಕೇಳುವಾಗ ನಮ್ಮ ಕೈಯಲ್ಲಿ ನಮ್ಮದೆನ್ನುವ ಒಂದು ಹಾಳೆಯೂ ಇರಲಿಲ್ಲ. ಕೇರಳದ ವಯನಾಡಿನ ಮೀನಂಗಾಡಿ ಎಂಬ ಗ್ರಾಮ ಪಂಚಾಯಿತಿ 2016ರಲ್ಲೇ ಕಾರ್ಬನ್ ಸಮತೋಲನದ ಕೆಲಸ ಆರಂಭಿಸಿತು. ಪಂಚಾಯಿತಿಯೊಂದು ಮಾಡಬಹುದಾದದ್ದನ್ನು ಮೂರು ಜಿಲ್ಲೆಗಳು ಸೇರಿ ಮಾಡಲಾಗದೇ?

ಇಂಧನ ವಿಷಯದ ಸಂಶೋಧನಾ ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ವಕೀಲರ ಮಾತಿಗೆ ಒಂದು ತಾಂತ್ರಿಕ ಉತ್ತರವೂ ಇದೆ. ಸೇವೆಯ ಮಟ್ಟವನ್ನು ಏರಿಸುವುದು ಮತ್ತು ಯೂನಿಟ್‌ಗಳನ್ನು ಏರಿಸುವುದು ಒಂದೇ ಅಲ್ಲ ಎಂಬುದನ್ನು ಡೆಫೆಂಡಸ್ ಲೆಕ್ಕವೇ ತೋರಿಸಿತ್ತು. ಬಡ ಮನೆಯ ಬಳಕೆ ಏರಲೇಬೇಕು. ಆ ಏರಿಕೆಯನ್ನು ಮೂರೂ ಸನ್ನಿವೇಶಗಳಲ್ಲಿ ಒಂದೇ ಸಮನಾಗಿ ಇಡೋಣ. ಕೈಗಾರಿಕೆಯ ವಿಷಯದಲ್ಲಿ ವಿದೇಶಗಳಿಗೆ ರಫ್ತು ಮಾಡುವ ಕಂಪನಿಗಳೇ ಈಗ ಶುದ್ಧ ವಿದ್ಯುತ್ ಕೇಳುತ್ತಿವೆ. ಮನೆಗಳ ಚಾವಣಿ ಸೌರಕ್ಕೆ ಮಾತ್ರ ನಮ್ಮ ರಾಜ್ಯದಲ್ಲಿ ವಿಶೇಷವಾದ ತೊಡಕೊಂದಿದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ 3 ಕಿಲೋವ್ಯಾಟ್‌ಗೆ 78 ಸಾವಿರ ರೂಪಾಯಿ ಸಹಾಯಧನ ಕೊಡುತ್ತದೆ. ಆದರೆ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ ಬಾರದ ಮನೆಯವರು ಸಾಲ ಮಾಡಿ ಫಲಕ ಹಾಕಿಸಲು ಮುಂದಾಗುವುದು ಕಷ್ಟ. ಸನ್ನಿವೇಶದಲ್ಲಿ ಚಾವಣಿ ಸೌರದ ಪಾಲನ್ನು ಬರೆಯುವಾಗ ಈ ವಾಸ್ತವವನ್ನು ಗಮನಿಸಬೇಕು.

ಹೈನುಗಾರ, ಕುಣಿಗಲ್ ತಾಲ್ಲೂಕು

ಉಂಗ್ರದ ಹೆಸರು ನೋಡಿ ಸಂತೋಷವಾಯಿತು. ಅದರ ಹತ್ತಿರದ ಪುರ ಗ್ರಾಮದಲ್ಲಿ 1987ರಿಂದ ಹಲವು ವರ್ಷ ಸಮುದಾಯ ಗೋಬರ್ ಗ್ಯಾಸ್ ಘಟಕ ನಡೆಯಿತು. ಮೊದಲಿಗೆ ಅಡುಗೆಗೆ ಗ್ಯಾಸ್ ಕೊಡುವ ಯೋಚನೆಯಿತ್ತು. ಊರಿನ ಸಗಣಿ ಅಷ್ಟಕ್ಕೆ ಸಾಲದೆಂದು ಗೊತ್ತಾದ ಮೇಲೆ, ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿಗೆ ಕುಡಿಯುವ ನೀರು ಕೊಟ್ಟರು. ಸಗಣಿ ತಂದು ಹಾಕಿದ ಮನೆಯವರಿಗೆ ಬಗ್ಗಡ ಗೊಬ್ಬರವಾಗಿ ವಾಪಸ್ ಸಿಗುತ್ತಿತ್ತು. ನೀರು ಮತ್ತು ದೀಪ ಎರಡೂ ಎಲ್ಲರಿಗೂ ಸಿಕ್ಕಿದ್ದರಿಂದ ಊರು ಒಟ್ಟಾಗಿ ನಡೆಸಿತು. ನಂತರದ ವರ್ಷಗಳಲ್ಲಿ ಕಬ್ಬಿಗೆರೆಯಲ್ಲಿ 500 ಕಿಲೋವ್ಯಾಟ್‌ನ ಸೌದೆ ಅನಿಲ ಘಟಕವೂ ನಮ್ಮ ಜಿಲ್ಲೆಗೆ ಬಂದಿತು. ಸೌದೆ ಒದಗಿಸುವುದೇ ಇಂಥ ಘಟಕಗಳಿಗೆ ದೊಡ್ಡ ಸವಾಲು. ಈಗ ಪ್ರತಿ ಮನೆಯಲ್ಲೂ ಸೀಮೆಹಸು ಇರುವುದರಿಂದ ಸಗಣಿ ಆಗಿನಷ್ಟು ಕಡಿಮೆಯಿಲ್ಲ. ಹಾಲಿನ ಡೇರಿಗೆ ದಿನಕ್ಕೆರಡು ಸಲ ಹಾಲು ಹಾಕುವ ವ್ಯವಸ್ಥೆ ಊರೂರಲ್ಲಿ ಇರುವಾಗ, ಡೇರಿಯ ಪಕ್ಕದಲ್ಲೇ ಸಗಣಿ ಸಂಗ್ರಹಿಸಿ, ಸಂಜೆ ಆರರಿಂದ ಹತ್ತರವರೆಗೆ ಎಂಜಿನ್ ಓಡಿಸುವ ಲೆಕ್ಕವನ್ನು ಮಾಡಿ ನೋಡಿ. ಮೇಲೆ ಹೇಳಿದ ಸಂಜೆಯ ಕೊರತೆಗೆ ಸ್ವಲ್ಪವಾದರೂ ಆಸರೆಯಾದೀತು. ಬಯಲಲ್ಲಿ ಕೊಳೆಯುವ ತಿಪ್ಪೆಯಿಂದ ಹೊರಡುವ ಮೀಥೇನ್ ಕೂಡ ಅಷ್ಟರಮಟ್ಟಿಗೆ ತಗ್ಗುತ್ತದೆ.

ನಿವೃತ್ತ ವಿದ್ಯುತ್ ಎಂಜಿನಿಯರ್, ತುಮಕೂರು

ಕುಣಿಗಲ್‌ನವರ ಸಲಹೆಯನ್ನು ಮೂರನೇ ಸನ್ನಿವೇಶಕ್ಕೆ ಸೇರಿಸುತ್ತೇನೆ. ರೀಲರ್ ಅವರ ಒಲೆ, ಮಾಲೂರಿನ ಗೂಡು, ಶಿಕ್ಷಕಿಯವರ ಕೂಲಿ ದಿನಗಳ ಕಾಲಂ, ಎರಡು ಪಟ್ಟಿಗಳ ಕ್ರಮ ಇವೆಲ್ಲವನ್ನೂ ಒಪ್ಪಿಕೊಳ್ಳುತ್ತೇನೆ. ವಕೀಲರು ಕೇಳಿದಂತೆ ಬಡ ಮನೆಯ ಬಳಕೆ ಏರುವುದನ್ನು ಮೂರೂ ಕಡೆ ಕಡ್ಡಾಯ ಮಾಡೋಣ.

ಮುಂದಿನ ಹೆಜ್ಜೆಗೆ ಬೇಕಾದದ್ದು ತಳಮಟ್ಟದ ಅಂಕಿಗಳು. ಆಸಕ್ತರು ತಮ್ಮ ಊರಿನ ಒಂದೇ ಒಂದು ಟಿ.ಸಿ.ಯನ್ನು (ವಿದ್ಯುತ್ ಪರಿವರ್ತಕವನ್ನು) ಆಯ್ದುಕೊಂಡು, ಅದರಿಂದ ಸಂಪರ್ಕ ಪಡೆದ ಎಲ್ಲ ಕೊಳವೆಬಾವಿಗಳ ವಿವರ ಬರೆಯಬಹುದೇ?

ಟೊಮೆಟೊ ಬೆಳೆಗಾರ, ಕೋಲಾರ ತಾಲ್ಲೂಕು

ನಮ್ಮ ತೋಟದ ಟಿ.ಸಿ.ಯಿಂದಲೇ ಆರಂಭಿಸುತ್ತೇನೆ. ಪಕ್ಕದ ತೋಟಗಳವರೊಂದಿಗೂ ಮಾತನಾಡಿದ್ದೇನೆ, ಒಪ್ಪಿದ್ದಾರೆ. ಏನೇನು ಬರೆಯಬೇಕೆಂದು ತಿಳಿಸಿ.

ನಿವೃತ್ತ ವಿದ್ಯುತ್ ಎಂಜಿನಿಯರ್, ತುಮಕೂರು

ಮೋಟಾರಿನ ಎಚ್‌ಪಿ, ಅದನ್ನು ಇಳಿಸಿದ ಆಳ, ಎಷ್ಟು ವರ್ಷ ಹಳೆಯದು, ಎಷ್ಟು ಸಲ ರಿವೈಂಡಿಂಗ್ ಆಗಿದೆ ಎಂಬುದನ್ನು ಮೊದಲು ಬರೆಯಿರಿ, ಏಕೆಂದರೆ ರಿವೈಂಡಿಂಗ್ ಆದಂತೆಲ್ಲ ಮೋಟಾರಿನ ದಕ್ಷತೆ ಕುಗ್ಗಬಹುದು. ನಂತರ 200 ಲೀಟರಿನ ಡ್ರಮ್ ತುಂಬಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ. ಕರೆಂಟ್ ಬಂದ ಕೂಡಲೇ ಒಮ್ಮೆ, ಎರಡು ಗಂಟೆ ಓಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ನೀರಿನ ಮಟ್ಟ ಎಷ್ಟು ಕುಸಿಯುತ್ತದೆ ಎಂಬುದರ ಸುಳಿವು ಅದರಲ್ಲೇ ಸಿಗುತ್ತದೆ. ಸ್ಟಾರ್ಟರ್ ಪೆಟ್ಟಿಗೆಯ ಆಂಪಿಯರ್ ಮತ್ತು ವೋಲ್ಟೇಜ್ ಅಳೆಯುವ ಕೆಲಸವನ್ನು ಮಾತ್ರ ಲೈನ್‌ಮನ್ ಅಥವಾ ಅನುಭವಿ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಬೆಳೆ ಯಾವುದು, ಹನಿ ನೀರಾವರಿಯೋ ಕಾಲುವೆಯಲ್ಲಿ ಹಾಯಿಸುವುದೋ, ಎಷ್ಟು ಎಕರೆ ಎಂಬುದನ್ನೂ ಸೇರಿಸಿ. ಹತ್ತಿರದಲ್ಲಿ ಕೆರೆಯಿದ್ದರೆ ಅದರಲ್ಲಿ ಈಗ ನೀರಿದೆಯೇ ಎಂದೂ ತಿಳಿಸಿ. ಇದೇ ಬೇಸಿಗೆಯಲ್ಲಿ ಒಮ್ಮೆ, ಮುಂಗಾರು ಮುಗಿದ ಮೇಲೆ ಮತ್ತೊಮ್ಮೆ ಅಳೆದರೆ ನಮ್ಮ ಲೆಕ್ಕಕ್ಕೆ ಬೇಕಾದ ಎರಡು ತುದಿಗಳು ದೊರೆಯುತ್ತವೆ. ಪಟ್ಟಿಯಲ್ಲಿ ರೈತರ ಹೆಸರಾಗಲಿ, ಆರ್‌.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಆಗಲಿ ಬೇಡ. ಕೊಳವೆಬಾವಿಗಳಿಗೆ ಒಂದು, ಎರಡು ಎಂದು ಸಂಖ್ಯೆ ಕೊಟ್ಟರೆ ಸಾಕು.